ಪಾರ್ಕಿಗೆ ಹೋದ ಜಮೀನಿನ ಕಥೆ: ಲಾಲ್‌ಬಾಗಿನಿಂದ ಜಂಗಮಕೋಟೆವರೆಗೆ

ನಮ್ಮ ಕಡೆಯಿಂದ ಮೊದಲ ಸಲ ಬೆಂಗಳೂರಿಗೆ ಹೋದವರು ನೋಡಿ ಬರುವ ಜಾಗಗಳಲ್ಲಿ ಲಾಲ್‌ಬಾಗ್ ಇದ್ದೇ ಇರುತ್ತದೆ. ಆಗಸ್ಟ್ 15ಕ್ಕೋ ಜನವರಿ 26ಕ್ಕೋ ನಡೆಯುವ ಫಲಪುಷ್ಪ ಪ್ರದರ್ಶನ ನೋಡಿ, ಗಾಜಿನ ಮನೆ ಮುಂದೆ ಫೋಟೊ ತೆಗೆಸಿಕೊಂಡು, ಬಂಡೆ ಹತ್ತಿ ಇಳಿದು, ಸಂಜೆ ಬಸ್ಸಿಗೆ ವಾಪಸ್ ಬರುತ್ತೇವೆ. ಆದರೆ ಆ 240 ಎಕರೆ ಒಂದೇ ದಿನ ತೋಟವಾಗಿದ್ದಲ್ಲ. ತುಂಡು ತುಂಡಾಗಿ ಸೇರಿದ್ದು. ಯಾವ ವರ್ಷ ಎಷ್ಟು ಎಕರೆ ಸೇರಿತು ಎಂಬ ಲೆಕ್ಕವೂ ಇದೆ.

ಈ ಲೆಕ್ಕ ಈಗ ನಮಗೇಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಕಡೆ ಟೀ ಅಂಗಡಿಯಲ್ಲಿ ಕೂತರೆ ಕೇಳುವ ಮಾತು ಒಂದೇ: "ಯಾರು ಕೊಳ್ತಿದ್ದಾರೆ, ಯಾತಕ್ಕೆ ಕೊಳ್ತಿದ್ದಾರೆ?" ಕಾರ್ಖಾನೆಗೆ, ರಸ್ತೆಗೆ, ಲೇಔಟಿಗೆ ಜಮೀನು ಹೋಗುವುದು ನಮಗೆ ಹೊಸದಲ್ಲ. ಆದರೆ ನಗರ ತನ್ನ ಜನ ನಡೆದಾಡಲಿಕ್ಕೆ, ಆಡಲಿಕ್ಕೆ, ಗಾಳಿ ಕುಡಿಯಲಿಕ್ಕೆ ಎಂದು ಹೊಲ ತೆಗೆದುಕೊಂಡರೆ ಏನಾಗುತ್ತದೆ? ಕೊಟ್ಟ ರೈತನಿಗೆ ಏನು ಸಿಗುತ್ತದೆ? ಪಾರ್ಕಿಗೆಂದು ತೆಗೆದುಕೊಂಡ ಜಾಗ ಪಾರ್ಕಾಗಿಯೇ ಉಳಿಯುತ್ತದೆಯೇ? ಈ ಮೂರು ಪ್ರಶ್ನೆಗೆ ಬೆಂಗಳೂರಿನ 130 ವರ್ಷದ ಇತಿಹಾಸದಲ್ಲಿ ಉತ್ತರ ಇದೆ.

ಮೊದಲು ನಮ್ಮದೇ ಪದ್ಧತಿ

ಹಳೆ ಕಾಲದಲ್ಲಿ ನಮ್ಮ ಊರುಗಳಲ್ಲಿ "ಪಾರ್ಕ್" ಎಂಬ ಮಾತು ಇರಲಿಲ್ಲ. ಆದರೆ ಗುಂಡುತೋಪು ಇತ್ತು. ಮಾವು, ಹೊಂಗೆ, ಹುಣಸೆ, ನೇರಳೆ ಮರಗಳ ತೋಪು. ಅದು ಯಾರೊಬ್ಬರದ್ದೂ ಅಲ್ಲ, ಊರಿನದ್ದು. ದಾರಿಹೋಕರು ತಂಗುವುದು, ಗಾಡಿ ಬಿಚ್ಚುವುದು, ಜಾತ್ರೆಗೆ ಬಂದವರು ಅಡುಗೆ ಮಾಡುವುದು, ಹುಡುಗರು ಮರಕೋತಿ ಆಡುವುದು ಎಲ್ಲಾ ಅಲ್ಲೇ. ದನಕ್ಕೆ ಗೋಮಾಳ, ಹಿರಿಯರಿಗೆ ಅರಳಿಕಟ್ಟೆ, ಬೇಸಿಗೆಯಲ್ಲಿ ಮಕ್ಕಳಿಗೆ ಒಣಗಿದ ಕೆರೆಯಂಗಳ. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ತೇರಿಗೆ ಬರುವ ಜನ ಇಂದಿಗೂ ಕೂರುವುದು ಇಂಥದೇ ಬಯಲಲ್ಲಿ, ಮರದ ನೆರಳಲ್ಲಿ.

ಇದರಲ್ಲಿ ಗಮನಿಸಬೇಕಾದ್ದು ಒಂದು. ಊರು ಕಟ್ಟುವಾಗಲೇ ಈ ಜಾಗ ಬಿಟ್ಟಿದ್ದರು. ಆಮೇಲೆ ಯಾರದೋ ಹೊಲ ಕಿತ್ತುಕೊಂಡು ತೋಪು ಮಾಡುವ ಪ್ರಮೇಯ ಬರುತ್ತಿರಲಿಲ್ಲ. ನಗರಗಳ ಕಥೆ ಬೇರೆ. ನಗರ ಮೊದಲು ಬೆಳೆಯುತ್ತದೆ, ಉಸಿರು ಕಟ್ಟಿದ ಮೇಲೆ ಬಯಲು ಬೇಕೆನ್ನುತ್ತದೆ. ಅಷ್ಟು ಹೊತ್ತಿಗೆ ಉಳಿದಿರುವ ಬಯಲು ಪಕ್ಕದ ಹಳ್ಳಿಯ ಹೊಲ ಮಾತ್ರ.

ಲಾಲ್‌ಬಾಗ್ ಬೆಳೆದ ಬಗೆ

1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದಾಗ ಅದು ಸುಮಾರು 40 ಎಕರೆ. ಅರಸರ ತೋಟ, ಸಾರ್ವಜನಿಕರದ್ದಲ್ಲ. ಟಿಪ್ಪು ಕಾಲದಲ್ಲಿ ದೂರದ ದೇಶಗಳಿಂದ ಗಿಡ, ಬೀಜ ಬಂದವು. 1799ರ ನಂತರ ಬ್ರಿಟಿಷರ ಕೈ ಸೇರಿ, 1856ರಲ್ಲಿ ಸರ್ಕಾರಿ ತೋಟಗಾರಿಕಾ ಉದ್ಯಾನವಾಯಿತು.

1874ರಲ್ಲಿ ಜಾನ್ ಕ್ಯಾಮರಾನ್ ಎಂಬುವರು ಮೇಲ್ವಿಚಾರಕರಾಗಿ ಬಂದರು. ಆಗ ಲಾಲ್‌ಬಾಗ್ 45 ಎಕರೆ ಇತ್ತು. ಇವರ ಕಾಲದಲ್ಲೇ ಅದು ದೊಡ್ಡದಾದದ್ದು. 1889ರಲ್ಲಿ ಪೂರ್ವ ದಿಕ್ಕಿಗೆ 30 ಎಕರೆ ಸೇರಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದೂ ಅದೇ ವರ್ಷ. 1891ರಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆ ಸೇರಿ 13 ಎಕರೆ. 1894ರಲ್ಲಿ ಬಂಡೆಯ ಕೆಳಗಿನ ಪೂರ್ವ ಭಾಗದ 94 ಎಕರೆ. ಹೀಗೆ ಇಪ್ಪತ್ತೇ ವರ್ಷದಲ್ಲಿ ತೋಟ 45 ಎಕರೆಯಿಂದ 180 ಎಕರೆ ದಾಟಿತು.

ಆಗಿನ ಬೆಂಗಳೂರಿಗೆ ಇಷ್ಟು ದೊಡ್ಡ ತೋಟ ಬೇಕಿತ್ತೇ? ಅಂದಿನ ಪೇಟೆಯ ಲೆಕ್ಕದಲ್ಲಿ ಲಾಲ್‌ಬಾಗ್ ಊರಾಚೆಗಿತ್ತು. ಸುತ್ತ ಮಾವಳ್ಳಿ, ಸಿದ್ದಾಪುರದಂಥ ಹಳ್ಳಿಗಳು. ಬಸವನಗುಡಿ ಬಡಾವಣೆ ಹುಟ್ಟಿದ್ದು 1898ರ ಪ್ಲೇಗಿನ ಕಾಲದಲ್ಲಿ, ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಂದರೆ ಮನೆಗಳು ಬರುವ ಮುಂಚೆಯೇ ತೋಟದ ಜಾಗ ಕೈಗೆ ಬಂದಿತ್ತು. ಇವತ್ತು ಆ ಭಾಗದಲ್ಲಿ 94 ಎಕರೆ ಕೊಳ್ಳುತ್ತೇನೆಂದರೆ ಸರ್ಕಾರದ ಬೊಕ್ಕಸವೂ ಸಾಲದು. ಮುಂದೆ ಬರುವ ಜನರಿಗಾಗಿ ಮೊದಲೇ ಜಾಗ ಹಿಡಿದಿಡುವುದರ ಲಾಭ ಇದು. ಇದನ್ನು ಒಪ್ಪಲೇಬೇಕು.

ಇನ್ನೊಂದು ಮುಖವನ್ನೂ ನೋಡಬೇಕು. 94 ಎಕರೆ ಸೇರಿದ ಅದೇ 1894ರಲ್ಲಿ ಎರಡು ಕಾನೂನು ಬಂದವು. ಬ್ರಿಟಿಷ್ ಇಂಡಿಯಾಕ್ಕೆ ಭೂಸ್ವಾಧೀನ ಕಾಯ್ದೆ, ಮೈಸೂರು ಸಂಸ್ಥಾನಕ್ಕೆ ಅದರದೇ ಮಾದರಿಯ ಇನ್ನೊಂದು ಕಾಯ್ದೆ. "ಸಾರ್ವಜನಿಕ ಉದ್ದೇಶ" ಎಂಬ ಎರಡು ಪದ ಹೇಳಿ, ಮಾಲೀಕನ ಒಪ್ಪಿಗೆ ಇಲ್ಲದೆ ಜಮೀನು ತೆಗೆದುಕೊಳ್ಳುವ ಅಧಿಕಾರ ಸರ್ಕಾರಕ್ಕೆ ಗಟ್ಟಿಯಾದದ್ದು ಹೀಗೆ. ಆ ಕೇಂದ್ರ ಕಾಯ್ದೆ 2013ರ ಕೊನೆಯವರೆಗೆ, 119 ವರ್ಷ ಬಾಳಿತು. ನಮ್ಮ ತಾತನ ಕಾಲ, ಅಪ್ಪನ ಕಾಲ ಎರಡೂ ಅದರೊಳಗೇ ಮುಗಿದವು.

ಕಬ್ಬನ್ ಪಾರ್ಕ್, ಸಂಪಂಗಿ ಕೆರೆ

ಕಬ್ಬನ್ ಪಾರ್ಕ್ 1870ರದ್ದು. ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ್ದು. ಮೊದಲು ಸುಮಾರು 100 ಎಕರೆ, ಆಮೇಲೆ 300ರ ಆಸುಪಾಸಿಗೆ ಬೆಳೆಯಿತು. ಅದರ ಪಕ್ಕದಲ್ಲೇ ಸಂಪಂಗಿ ಕೆರೆ ಇತ್ತು. ಪೇಟೆಗೆ ಹೂವು, ತರಕಾರಿ ಬೆಳೆದುಕೊಡುತ್ತಿದ್ದವರು ಕೆರೆಯ ನೀರನ್ನು ನಂಬಿದ್ದರು. ಕರಗ ಹೊರುವ ತಿಗಳ ಸಮುದಾಯ ಮೂಲತಃ ತೋಟಗಾರರದ್ದು ಎಂಬುದು ನಿಮಗೆಲ್ಲಾ ಗೊತ್ತು. ನಮ್ಮ ಜಿಲ್ಲೆಯಲ್ಲೂ ಆ ಜನ ಇದ್ದಾರೆ, ಇಲ್ಲೂ ಕರಗ ನಡೆಯುತ್ತದೆ.

ಇಪ್ಪತ್ತನೇ ಶತಮಾನದಲ್ಲಿ ಆ ಕೆರೆ ಒಣಗಿತು, ಮುಚ್ಚಿತು. ಆ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. ಕರಗದ ಪೂಜೆಗೆಂದು ಒಂದು ಸಣ್ಣ ಕೊಳ ಮಾತ್ರ ಉಳಿದಿದೆ. ಆಟದ ಮೈದಾನವೂ ಸಾರ್ವಜನಿಕರದ್ದೇ, ಅದನ್ನು ತಪ್ಪು ಎನ್ನಲಾಗದು. ಆದರೆ ನೀರು ನಂಬಿ ಬೆಳೆ ತೆಗೆಯುತ್ತಿದ್ದವರಿಗೆ ಆ ಮೈದಾನದಿಂದ ಏನು ಬಂತು? "ಸಾರ್ವಜನಿಕ" ಎಂಬ ಮಾತಿನೊಳಗೆ ಕೆಲವರು ಇರುತ್ತಾರೆ, ಕೆಲವರು ಬಿಟ್ಟುಹೋಗುತ್ತಾರೆ. ಬಿಟ್ಟುಹೋಗುವವರು ಬಹುತೇಕ ಆ ಮಣ್ಣಲ್ಲಿ ಕೆಲಸ ಮಾಡುತ್ತಿದ್ದವರೇ.

ದೂರದ ಒಂದು ಊರಿನ ಕಥೆ

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಸಿನಿಮಾಗಳಲ್ಲಿ ನೋಡಿರುತ್ತೀರಿ. 843 ಎಕರೆ, ಸುತ್ತ ಮುಗಿಲೆತ್ತರದ ಕಟ್ಟಡ. 1853ರಲ್ಲಿ ಆ ಜಾಗ ತೆಗೆದುಕೊಳ್ಳಲು ಕಾನೂನಾದಾಗ ಅದು ಊರಿಂದಾಚೆಗಿತ್ತು. ಮುಂದೆ ನಗರ ಅಲ್ಲಿಗೆ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿ ಮೊದಲೇ ತೆಗೆದುಕೊಂಡರು. ಆದರೆ ಅದು ಖಾಲಿ ಜಾಗವಾಗಿರಲಿಲ್ಲ. ಸುಮಾರು 1,600 ಜನ ಅಲ್ಲಿದ್ದರು. ತರಕಾರಿ ಬೆಳೆಯುವವರು, ಹಂದಿ ಸಾಕುವವರು, ಕೂಲಿಗಳು. ಅವರ ನಡುವೆ ಸೆನೆಕಾ ವಿಲೇಜ್ ಎಂಬ ಹಳ್ಳಿ. ಅಲ್ಲಿದ್ದ ಕಪ್ಪುಜನರಲ್ಲಿ ಎಷ್ಟೋ ಮಂದಿ ಸ್ವಂತ ಜಾಗ, ಸ್ವಂತ ಮನೆ ಮಾಡಿಕೊಂಡಿದ್ದರು. ಮೂರು ಚರ್ಚು, ಒಂದು ಶಾಲೆ ಇತ್ತು. ಆ ಕಾಲದಲ್ಲಿ ಅಲ್ಲಿನ ಕಪ್ಪು ಗಂಡಸರಿಗೆ ಮತ ಹಾಕುವ ಹಕ್ಕು ಬೇಕಾದರೆ ಇಂತಿಷ್ಟು ಬೆಲೆಯ ಆಸ್ತಿ ಇರಲೇಬೇಕಿತ್ತು. ಜಮೀನು ಹೋಯಿತೆಂದರೆ ಮತವೂ ಹೋದಂತೆ.

1857ರ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿದರು. ಪರಿಹಾರ ಕೊಟ್ಟರು, ಆದರೆ ಹಳ್ಳಿ ಚದುರಿಹೋಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಆ ಹಳ್ಳಿಯ ಹೆಸರೇ ಜನಕ್ಕೆ ಮರೆತುಹೋಗಿತ್ತು. ಇತಿಹಾಸಕಾರರು ಕೆದಕಿ ತೆಗೆದ ಮೇಲೆ ಈಗ ಅಲ್ಲಿ ಫಲಕ ಇದೆ. ಪಾರ್ಕ್ ಚೆನ್ನಾಗಿದೆ, ಕೋಟ್ಯಂತರ ಜನಕ್ಕೆ ನೆರಳು ಕೊಟ್ಟಿದೆ. ಆ ನೆರಳಿನ ಬೆಲೆ ಕಟ್ಟಿದವರು ಬೇರೆ.

ನೂರು ಎಕರೆಗೆ ಹದಿನೈದು

ಮತ್ತೆ ಬೆಂಗಳೂರಿಗೆ ಬರೋಣ. 1945ರಲ್ಲಿ ಬೆಂಗಳೂರು ನಗರ ಸುಧಾರಣಾ ಮಂಡಳಿ ಬಂತು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು. ಇಲ್ಲಿಂದ ಪಾರ್ಕಿಗೆ ಬೇರೆಯಾಗಿ ಜಮೀನು ಕೊಳ್ಳುವ ಕಾಲ ಹೆಚ್ಚುಕಡಿಮೆ ಮುಗಿಯಿತು. ಪಾರ್ಕು ಲೇಔಟಿನ ಜೊತೆಗೇ ಬರತೊಡಗಿತು. ಬಿಡಿಎ ಕಾಯ್ದೆ ಪ್ರಕಾರ ಬಡಾವಣೆಯ ಒಟ್ಟು ಜಾಗದಲ್ಲಿ ಶೇ 15ರಷ್ಟು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಬಿಡಬೇಕು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಲ್ಲೂ ಇದೇ ಲೆಕ್ಕ ಇದೆ.

ಈ ಲೆಕ್ಕವನ್ನು ರೈತನ ಕಡೆಯಿಂದ ಓದಿ ನೋಡಿ. 2008ರ ಕೊನೆಯಲ್ಲಿ ಡಾ. ಶಿವರಾಮ ಕಾರಂತ ಬಡಾವಣೆಗೆಂದು ಯಲಹಂಕ ಸೀಮೆಯ 17 ಹಳ್ಳಿಗಳಲ್ಲಿ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಆಯಿತು. ಶೇ 15 ಎಂದರೆ ಅದರಲ್ಲಿ ಸುಮಾರು 530 ಎಕರೆ ಪಾರ್ಕು, ಮೈದಾನ. ಎರಡು ಲಾಲ್‌ಬಾಗಿಗಿಂತ ಹೆಚ್ಚು. ಕಾಗದದ ಮೇಲೆ ಚೆಂದ. ಆದರೆ ಆ ಅಧಿಸೂಚನೆ ಕೋರ್ಟು ಕಚೇರಿ ಅಲೆದು, 2018ರಲ್ಲಿ ಸುಪ್ರೀಂ ಕೋರ್ಟ್ ಮುಂದುವರಿಸಿ ಎನ್ನುವವರೆಗೆ ಸುಮಾರು ಹತ್ತು ವರ್ಷ ನೇತಾಡಿತು. ಆ ಹತ್ತು ವರ್ಷ ಅಲ್ಲಿನ ರೈತ ಧೈರ್ಯವಾಗಿ ಜಮೀನು ಮಾರುವಂತಿರಲಿಲ್ಲ, ಮನೆ ಕಟ್ಟುವಂತಿರಲಿಲ್ಲ. ಬೋರು ಕೊರೆಸಿ ದ್ರಾಕ್ಷಿ ಚಪ್ಪರ ಹಾಕಲೂ ಹಿಂದೆಮುಂದೆ ನೋಡಬೇಕು. ಪಾರ್ಕು ಬರುವ ಮುಂಚೆಯೇ ಹೊಲ ಸತ್ತಿತ್ತು.

ಪಾರ್ಕು ಆಸ್ಪತ್ರೆಯಾಗಲು ಹೊರಟಾಗ

ಜಮೀನು ಪಾರ್ಕಿಗೆಂದು ಹೋದ ಮೇಲೆ ಅದು ಪಾರ್ಕಾಗಿಯೇ ಇರುತ್ತದೆಯೇ? ಇದಕ್ಕೆ ದೇಶವೇ ತಿಳಿಯಬೇಕಾದ ಉತ್ತರ ಸಿಕ್ಕಿದ್ದು ಬೆಂಗಳೂರಿನ ಒಂದು ಮೊಕದ್ದಮೆಯಿಂದ.

ಈಗ ಸದಾಶಿವನಗರ ಎನ್ನುವ ಕಡೆ, ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಒಂದು ತುಂಡು ಜಾಗವನ್ನು ಯೋಜನೆಯಲ್ಲೇ ಪಾರ್ಕಿಗೆಂದು ಮೀಸಲಿಟ್ಟಿದ್ದರು. 1970ರ ದಶಕದಲ್ಲಿ ಅದನ್ನು ಖಾಸಗಿ ಟ್ರಸ್ಟ್ ಒಂದಕ್ಕೆ ನರ್ಸಿಂಗ್ ಹೋಂ ಕಟ್ಟಲು ಕೊಡಲಾಯಿತು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ನಡುವಿನ ಈ ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿ, 1991ರ ಜುಲೈನಲ್ಲಿ ತೀರ್ಪು ಬಂತು. ಪಾರ್ಕಿಗೆಂದು ಮೀಸಲಾದ ಜಾಗವನ್ನು ಖಾಸಗಿಯವರಿಗೆ ಕೊಡುವಂತಿಲ್ಲ. ಆಸ್ಪತ್ರೆಯೂ ಒಳ್ಳೆಯದೇ ಎಂಬ ವಾದ ಇಲ್ಲಿ ನಡೆಯದು. ಅಕ್ಕಪಕ್ಕ ವಾಸಿಸುವವರಿಗೆ ಇದನ್ನು ಪ್ರಶ್ನಿಸುವ ಹಕ್ಕು ಇದೆ. ಇದು ಆ ತೀರ್ಪಿನ ಸಾರ. ಪಾರ್ಕು ಉಳಿಸಲು ದೇಶದ ಯಾವ ಮೂಲೆಯಲ್ಲಿ ಕೇಸು ಹಾಕಿದರೂ ವಕೀಲರು ಇಂದಿಗೂ ಇದನ್ನು ಮುಂದಿಡುತ್ತಾರೆ.

ಅಷ್ಟರೊಳಗೆ ಕಾನೂನೂ ಸ್ವಲ್ಪ ಬಿಗಿಯಾಗಿತ್ತು. 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಲಾಲ್‌ಬಾಗ್, ಕಬ್ಬನ್ ಪಾರ್ಕುಗಳನ್ನು ಕಾಯಲು ಬಂದದ್ದು. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಉಳಿದವನ್ನು ಕಾಯಲು. ಹೀಗಿದ್ದೂ 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗಿನ ಜಾಗ ಬೇಕೆಂಬ ಮಾತು ಬಂತು, ಜನ ಬೀದಿಗಿಳಿಯಬೇಕಾಯಿತು.

ಈ ಕಥೆಯಲ್ಲಿ ಕಾಣದ ಒಬ್ಬರಿದ್ದಾರೆ. ಪಾರ್ಕು ಉಳಿಸಿ ಎಂದು ಕೋರ್ಟಿಗೆ ಹೋದವರು ನಿವಾಸಿಗಳು. ಕೊಡಿ ಎಂದವರು ಟ್ರಸ್ಟಿನವರು. ಕೊಟ್ಟದ್ದು ಸರ್ಕಾರ. ಆದರೆ ಬಡಾವಣೆಗೂ ಮುಂಚೆ ಆ ಮಣ್ಣು ಉತ್ತವರು? ಹಳೆ ಕಾಯ್ದೆಯಲ್ಲಿ ಜಮೀನು ಒಮ್ಮೆ ಸರ್ಕಾರದ ವಶವಾಯಿತೆಂದರೆ ಹಳೇ ಮಾಲೀಕನಿಗೂ ಅದಕ್ಕೂ ಸಂಬಂಧ ಮುಗಿಯಿತು. ಪಾರ್ಕು ಮಾಡಲಿ, ಆಸ್ಪತ್ರೆ ಮಾಡಲಿ, ಹತ್ತು ಪಟ್ಟು ಬೆಲೆಗೆ ಹರಾಜು ಹಾಕಲಿ, ಆತ ಕೇಳುವಂತಿರಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಬಣ್ಣ ಬಳಿದರೆ ಸಾಕೇ?

ಕೊಳ್ಳುವುದಕ್ಕಿಂತ ಅಗ್ಗದ ದಾರಿ ಒಂದಿದೆ. ನಕ್ಷೆಯ ಮೇಲೆ ಹಸಿರು ಬಣ್ಣ ಬಳಿಯುವುದು.

1984ರ ಬೆಂಗಳೂರು ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ನಗರದ ಸುತ್ತ ಹಸಿರು ಪಟ್ಟಿ ಗುರುತಿಸಿದರು. ಅಲ್ಲಿ ಬೇಸಾಯ ಬಿಟ್ಟು ಬೇರೇನೂ ಹೆಚ್ಚಾಗಿ ಮಾಡುವಂತಿಲ್ಲ. ಉದ್ದೇಶ ಒಳ್ಳೆಯದೇ, ನಗರಕ್ಕೆ ಗಾಳಿ ಬೇಕು. ಆದರೆ ಆ ಗಾಳಿಗಾಗಿ ರೈತನಿಗೆ ನಗರ ಒಂದು ರೂಪಾಯಿಯನ್ನೂ ಕೊಡಲಿಲ್ಲ. "ನೀನು ರೈತನಾಗಿಯೇ ಇರು" ಎಂದಿತು ಅಷ್ಟೇ. 1995ರಲ್ಲಿ ಯೋಜನೆ ಪರಿಷ್ಕರಿಸಿದರು, 2007ರಲ್ಲಿ ಮತ್ತೊಂದು ಮಾಸ್ಟರ್ ಪ್ಲಾನ್ ಒಪ್ಪಿದರು. ಪ್ರತಿ ಸಲವೂ ಹಸಿರು ಪಟ್ಟಿ ಹಿಂದೆ ಸರಿಯಿತು, ಹಳದಿ ಬಣ್ಣದ ವಸತಿ ಪ್ರದೇಶ ಮುಂದೆ ಬಂತು. ಬಣ್ಣ ಬದಲಾಗುವುದನ್ನು ಮೊದಲೇ ತಿಳಿದವರು ಕಡಿಮೆ ಬೆಲೆಗೆ ಕೊಂಡು ಇಟ್ಟುಕೊಂಡರು. ಕಾದು ಕೂರಲಾಗದ ರೈತ ಮಾರಿಬಿಟ್ಟಿದ್ದ.

ಇಲ್ಲಿ ನೀವು ನೆನಪಿಡಬೇಕಾದ ಒಂದು ಕಾನೂನು ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 69ನೇ ಕಲಂ. ಮಾಸ್ಟರ್ ಪ್ಲಾನಿನಲ್ಲಿ ನಿಮ್ಮ ಹೊಲವನ್ನು ಪಾರ್ಕಿಗೋ ಮೈದಾನಕ್ಕೋ ಗುರುತಿಸಿದ್ದರೆ, ಪ್ಲಾನ್ ಗೆಜೆಟ್‌ನಲ್ಲಿ ಪ್ರಕಟವಾದ ಐದು ವರ್ಷದೊಳಗೆ ಅದನ್ನು ಒಪ್ಪಂದದ ಮೇಲೆ ಕೊಳ್ಳಬೇಕು, ಇಲ್ಲವೇ ಭೂಸ್ವಾಧೀನ ಶುರು ಮಾಡಬೇಕು. ಎರಡೂ ಆಗದಿದ್ದರೆ ಆ ಗುರುತು ತಾನಾಗಿ ಬಿದ್ದುಹೋಗುತ್ತದೆ. ನಮ್ಮ ನಾಲ್ಕೂ ಪಟ್ಟಣಗಳ ಅಂಚಿನಲ್ಲಿ ಜಮೀನು ಇರುವವರು ಇದನ್ನು ತಿಳಿದಿರಬೇಕು. ಗುರುತು ಬಿದ್ದುಹೋದರೆ ರೈತನಿಗೆ ಬಿಡುಗಡೆ. ಆದರೆ ಊರಿಗೆ ಪಾರ್ಕು ಇಲ್ಲ. ಕೊಳ್ಳುವ ದುಡ್ಡಿಲ್ಲದೆ ಬಣ್ಣ ಬಳಿದರೆ ಇಬ್ಬರಿಗೂ ನಷ್ಟ.

ಈಗ ನಮ್ಮ ಬಾಗಿಲಿಗೆ

2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ಮರುವರ್ಷವೇ, 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದು, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ಮಾಡಿದರು. ಈ ಮೂರೂ ಸೇರಿ ನಮ್ಮ ಕಡೆ ಹೊಸದೊಂದು ವ್ಯಾಪಾರ ಹುಟ್ಟಿತು. ನಂದಿ ಬೆಟ್ಟ ಕಾಣುವ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ಸುತ್ತ ಬೇಲಿ ಹಾಕಿ, "ಫಾರ್ಮ್ ಪ್ಲಾಟ್" ಎಂದು ಮಾರುವುದು. ಶನಿವಾರ ಬಂದು ಭಾನುವಾರ ಹೋಗುವವರಿಗೆ. ಇದೂ ನಗರದ ವಿಶ್ರಾಂತಿಗೆ ಹೋಗುವ ಹೊಲವೇ. ವ್ಯತ್ಯಾಸ ಇಷ್ಟೇ: ಲಾಲ್‌ಬಾಗಿನ ಗೇಟು ನಿಮಗೂ ತೆರೆದಿದೆ, ಈ ಗೇಟು ತೆರೆಯುವುದಿಲ್ಲ.

"ಪಾರ್ಕ್" ಎಂಬ ಪದವೂ ಬದಲಾಗಿದೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಕೇಳಿದ್ದು ಏರೋಸ್ಪೇಸ್ ಪಾರ್ಕಿಗೆ. ಅಲ್ಲಿ ಮರವೂ ಇಲ್ಲ, ಬೆಂಚೂ ಇಲ್ಲ, ಇರುವುದು ಕಾರ್ಖಾನೆ. ಆ ರೈತರು 2022ರ ಏಪ್ರಿಲ್ 4ರಿಂದ 1,198 ದಿನ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದಾಗಿ ಘೋಷಿಸಿದರು, ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ನಮ್ಮದೇ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆಂದು ಕೆಐಎಡಿಬಿ ಸುಮಾರು 2,800 ಎಕರೆಗೆ ಕೈ ಹಾಕಿದಾಗ ರೈತರಲ್ಲೇ ಕೊಡುತ್ತೇವೆ ಎನ್ನುವವರು, ಕೊಡುವುದಿಲ್ಲ ಎನ್ನುವವರು ಎಂದು ಎರಡಾಯಿತು. ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆಹುಳು ಮೇಯಿಸುವವರಿಗೂ, ಬೋರು ಬತ್ತಿ ಸಾಲದಲ್ಲಿ ಕೂತವರಿಗೂ ಲೆಕ್ಕ ಒಂದೇ ಆಗಿರುವುದಿಲ್ಲ. ಇಬ್ಬರನ್ನೂ ಬೈಯುವಂತಿಲ್ಲ.

ಒಂದು ವಿಚಿತ್ರ ನೋಡಿ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಪೈಪಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರಕ್ಕೂ, ಚಿಂತಾಮಣಿ ಕಡೆಗೂ ಬರುತ್ತದೆ. ಬಳಸಿ ಬಿಟ್ಟ ನೀರು ಇತ್ತ, ಉಳುವ ನೆಲ ಅತ್ತ.

ಹಾಗೆಂದು ನಗರ ಪ್ರತಿ ಸಲ ಹೊಲಕ್ಕೇ ಕೈ ಹಾಕಬೇಕೆಂದೂ ಇಲ್ಲ. ಯಲಹಂಕದ ಬಳಿ ಮಾದಪ್ಪನಹಳ್ಳಿಯಲ್ಲಿ 153 ಎಕರೆಯ ದೊಡ್ಡ ಉದ್ಯಾನ ಮಾಡುವುದಾಗಿ ಸರ್ಕಾರ ಹೇಳಿದೆ. ಅದು ನೀಲಗಿರಿ ಬೆಳೆಸಿದ್ದ ಅರಣ್ಯ ಇಲಾಖೆಯ ಜಾಗ. ಮೊದಲು ಇಂಥ ಜಾಗ ಹುಡುಕಿ, ಆಮೇಲೆ ರೈತನ ಬಳಿ ಬನ್ನಿ ಎನ್ನುವುದಕ್ಕೆ ಇದೊಂದು ಉದಾಹರಣೆ.

ಈಗಿನ ಕಾನೂನು ಏನನ್ನುತ್ತದೆ

2014ರ ಜನವರಿ 1ರಿಂದ ಹೊಸ ಭೂಸ್ವಾಧೀನ ಕಾಯ್ದೆ ಬಂದಿದೆ. ಅದರಲ್ಲಿ ಕ್ರೀಡೆ, ಪ್ರವಾಸೋದ್ಯಮದ ಯೋಜನೆಗಳೂ "ಸಾರ್ವಜನಿಕ ಉದ್ದೇಶ"ದ ಪಟ್ಟಿಯಲ್ಲಿವೆ. ಹಾಗಾಗಿ ಆಟಕ್ಕೆ, ವಿಹಾರಕ್ಕೆ ಯಾರು ಹೊಲ ಕೇಳುತ್ತಾರೆ ಎಂದು ನಿರ್ಲಕ್ಷ್ಯ ಮಾಡುವ ಹಾಗಿಲ್ಲ. ಇವಿಷ್ಟು ಗೊತ್ತಿರಲಿ:

– ನೀರಾವರಿ ಇರುವ, ಎರಡು ಮೂರು ಬೆಳೆ ತೆಗೆಯುವ ಭೂಮಿಯನ್ನು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ತೆಗೆದುಕೊಳ್ಳಬೇಕು ಎನ್ನುತ್ತದೆ 10ನೇ ಕಲಂ.

– ಯಾವ ಉದ್ದೇಶಕ್ಕೆ ತೆಗೆದುಕೊಂಡರೋ ಆ ಉದ್ದೇಶ ಬದಲಿಸುವಂತಿಲ್ಲ ಎನ್ನುತ್ತದೆ 99ನೇ ಕಲಂ. ಜಾಗ ಆ ಕೆಲಸಕ್ಕೆ ಬಾರದಂತಾದರೆ ಬೇರೆ ಸಾರ್ವಜನಿಕ ಉದ್ದೇಶಕ್ಕೆ ಬಳಸಲು ಮಾತ್ರ ರಿಯಾಯಿತಿ ಇದೆ.

– ಐದು ವರ್ಷ ಬಳಸದೆ ಬಿಟ್ಟರೆ ಮೂಲ ಮಾಲೀಕರಿಗೆ ಅಥವಾ ವಾರಸುದಾರರಿಗೆ, ಇಲ್ಲವೇ ಸರ್ಕಾರದ ಭೂ ಬ್ಯಾಂಕಿಗೆ ಹೋಗಬೇಕು ಎನ್ನುತ್ತದೆ 101ನೇ ಕಲಂ. ಆ "ಇಲ್ಲವೇ" ಎಂಬ ಪದದಲ್ಲೇ ತೂತು ಇದೆ. ಭೂ ಬ್ಯಾಂಕಿಗೆ ಹೋದದ್ದು ರೈತನಿಗೆ ಬರುವುದಿಲ್ಲ.

– ಸ್ವಾಧೀನವಾದ ಐದು ವರ್ಷದೊಳಗೆ ಏನೂ ಅಭಿವೃದ್ಧಿ ಮಾಡದೆ ಹೆಚ್ಚಿನ ಬೆಲೆಗೆ ಬೇರೆಯವರಿಗೆ ಕೊಟ್ಟರೆ, ಹೆಚ್ಚಿದ ಬೆಲೆಯಲ್ಲಿ ಶೇ 40 ಮೂಲ ಮಾಲೀಕರಿಗೆ ಸೇರಬೇಕು ಎನ್ನುತ್ತದೆ 102ನೇ ಕಲಂ.

ಆದರೆ ಬಿಡಿಎ, ಕೆಐಎಡಿಬಿಗಳಿಗೆ ಅವುಗಳದ್ದೇ ಬೇರೆ ಕಾಯ್ದೆ ಇದೆ. ಆದ್ದರಿಂದ ನೋಟಿಸ್ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಎಷ್ಟು ಹಣ ಎಂಬುದನ್ನಲ್ಲ, ಯಾವ ಕಾಯ್ದೆಯ ಕೆಳಗೆ ಎಂಬುದನ್ನು. ಪಹಣಿಯ 11ನೇ ಕಾಲಂ ಆಗಾಗ ತೆಗೆಸಿ ನೋಡಿ. ಯಾವುದಾದರೂ ಇಲಾಖೆಯ ಹೆಸರು ಅಲ್ಲಿ ಬಂದು ಕೂತಿದ್ದರೆ ಅದೇ ಮೊದಲ ಸುಳಿವು.

ಹಾಗಾದರೆ ಕೊಳ್ಳಲೇಬಾರದೇ?

ಕೊಳ್ಳಬೇಕು. ನನ್ನ ಅಭಿಪ್ರಾಯ ಇದೇ. ಚಿಂತಾಮಣಿ, ಗೌರಿಬಿದನೂರು ಇವತ್ತು ಬೆಳೆಯುತ್ತಿರುವ ರೀತಿ ನೋಡಿದರೆ, ಮುಂದಿನ ಮೂವತ್ತು ವರ್ಷಕ್ಕೆ ಮಕ್ಕಳು ಆಡುವ ಜಾಗ ಈಗಲೇ ಹಿಡಿದಿಡದಿದ್ದರೆ ಆಮೇಲೆ ಸಿಗುವುದಿಲ್ಲ. ಲಾಲ್‌ಬಾಗ್ ಕಲಿಸಿದ ಪಾಠ ಅದು. ಆದರೆ ಹೇಗೆ ಕೊಳ್ಳಬೇಕು ಎಂಬುದರಲ್ಲಿ ವಿಷಯ ಇದೆ.

ಅಮೆರಿಕದ ಬೌಲ್ಡರ್ ಎಂಬ ಪಟ್ಟಣದವರು 1967ರಲ್ಲಿ ಮತ ಹಾಕಿ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹಾಕಿಕೊಂಡರು. ಆ ಹಣದಿಂದ ಊರ ಸುತ್ತ ಬಯಲು, ಬೆಟ್ಟದ ತಪ್ಪಲು, ಹೊಲಗಳನ್ನು ವರ್ಷ ವರ್ಷ ಕೊಳ್ಳುತ್ತಾ ಬಂದರು. ಕೊಂಡ ಹೊಲದಲ್ಲಿ ಬಹಳಷ್ಟನ್ನು ಮತ್ತೆ ರೈತರಿಗೇ ಗುತ್ತಿಗೆ ಕೊಟ್ಟಿದ್ದಾರೆ. ಜನ ನಡೆದಾಡಲು ದಾರಿ ಇದೆ, ಹೊಲದಲ್ಲಿ ಬೆಳೆಯೂ ಇದೆ. ಗಾಳಿ ಬೇಕಾದವರೇ ದುಡ್ಡು ಕೊಟ್ಟಿದ್ದಾರೆ. ನಮ್ಮಲ್ಲಿ ಹಸಿರು ಪಟ್ಟಿಯ ಹೊರೆಯನ್ನು ರೈತನ ತಲೆಗೆ ಕಟ್ಟಿದ್ದಕ್ಕೂ ಇದಕ್ಕೂ ಇರುವ ದೂರ ನೀವೇ ಅಳೆಯಿರಿ.

ಅವರ ಊರಿನದ್ದು ಇದ್ದ ಹಾಗೇ ನಮಗೆ ಹೊಂದುವುದಿಲ್ಲ. ಅಲ್ಲಿನ ಹಿಡುವಳಿ ದೊಡ್ಡದು, ಇಲ್ಲಿ ಎರಡೆಕರೆಗೆ ನಾಲ್ಕು ಅಣ್ಣತಮ್ಮಂದಿರು. ಆದರೆ ತತ್ವ ಹೊಂದುತ್ತದೆ. ಮೊದಲು ಇರುವ ಗುಂಡುತೋಪು, ಗೋಮಾಳ, ಕೆರೆಯಂಗಳ ಅಳೆಸಿ ಒತ್ತುವರಿ ಬಿಡಿಸಬೇಕು. ಅದು ಸಾಲದಿದ್ದರೆ ಒಪ್ಪುವ ರೈತನಿಂದ ಒಪ್ಪಿದ ಬೆಲೆಗೆ ಕೊಳ್ಳಬೇಕು. ಪಾರ್ಕು ಆಗುವವರೆಗೆ ಆತನೇ ಉತ್ತು ತಿನ್ನುವಂತಿರಬೇಕು. ಪಾರ್ಕು ಬೇರೇನೋ ಆಗಲು ಹೊರಟರೆ ಕೇಳುವ ಹಕ್ಕು ಆತನ ಮಕ್ಕಳಿಗೂ ಇರಬೇಕು. ಇದನ್ನು ಕೇಳಲು ಸರಿಯಾದ ಸಮಯ ಪಟ್ಟಣದ ಮಾಸ್ಟರ್ ಪ್ಲಾನ್ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗ. ಆ ಪ್ರಕಟಣೆ ಪೇಪರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಅವಧಿ ಮುಗಿದ ಮೇಲೆ ಹೋದರೆ ಯಾರೂ ಕೇಳುವುದಿಲ್ಲ.

ಕರಡು ನಕ್ಷೆ ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ನೋಡಲು ಸಿಗುತ್ತದೆ. ನಿಮ್ಮ ಸರ್ವೆ ನಂಬರ್ ಬರೆದುಕೊಂಡು ಹೋಗಿ, ಅದರ ಮೇಲೆ ಯಾವ ಬಣ್ಣ ಇದೆ ಎಂದು ನೋಡಿಕೊಂಡು ಬನ್ನಿ.